ಅರ್ಧ ಟಿಕೆಟ್ಟಿನ ವಯಸ್ಸು

ನಮ್ಮ ಸಾರಿಗೆ ಬಸ್ಸುಗಳಲ್ಲಿ ಆರು ವರ್ಷದೊಳಗಿನ ಮಗುವಿಗೆ ಟಿಕೆಟ್ ಇಲ್ಲ. ಹನ್ನೆರಡು ದಾಟಿದರೆ ಪೂರ್ತಿ ಟಿಕೆಟ್. ನಡುವಿನವರಿಗೆ ಅರ್ಧ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಹೆಣ್ಣುಮಕ್ಕಳು ಸಾಮಾನ್ಯ ಬಸ್ಸುಗಳಲ್ಲಿ ಹಣ ಕೊಡಬೇಕಾಗಿಲ್ಲ. ಆದರೂ ‘ಅರ್ಧ ಟಿಕೆಟ್’ ಎಂಬ ಮಾತು ನಮ್ಮ ಮನೆಗಳಲ್ಲಿ ಹಾಗೆಯೇ ಉಳಿದಿದೆ. ಪೂರ್ತಿ ಸಣ್ಣವರೂ ಅಲ್ಲದ, ಪೂರ್ತಿ ದೊಡ್ಡವರೂ ಅಲ್ಲದ ಮಕ್ಕಳಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಸಿಗಲಿಕ್ಕಿಲ್ಲ. ಒಂಬತ್ತು, ಹತ್ತು, ಹನ್ನೊಂದರ ಮಗು ಒಂದೇ ದಿನದಲ್ಲಿ ಎರಡು ಮಾತು ಕೇಳುತ್ತದೆ. ಬೆಳಿಗ್ಗೆ, “ಇಷ್ಟು ದೊಡ್ಡವನಾಗಿದ್ದೀ, ತಮ್ಮನನ್ನು ನೋಡಿಕೊಳ್ಳಲು ಬರುವುದಿಲ್ಲವೇನು?” ಸಂಜೆ, “ನೀನಿನ್ನೂ ಸಣ್ಣವ, ಒಬ್ಬನೇ ಎಲ್ಲೂ ಹೋಗಬೇಡ.” ಕೆಲಸಕ್ಕೆ ಕರೆಯುವಾಗ ದೊಡ್ಡವನಾದವನು ಆಟಕ್ಕೆ ಹೊರಡುವಾಗ ಸಣ್ಣವನಾಗುತ್ತಾನೆ. ತಾನು ಯಾವುದು ಎಂದು ಆ ಮಗುವಿಗೆ ತಿಳಿಯುವುದಾದರೂ ಹೇಗೆ?

ಈ ಗೊಂದಲ ಎದ್ದು ಕಾಣುವುದು ಇಡೀ ಸಂಸಾರ ಮನೆಯ ಹೊರಗೆ ಕಾಲಿಟ್ಟಾಗ. ಶಿಗ್ಗಾವಿ ತಾಲೂಕಿನ ಶಿಶುನಾಳದಲ್ಲಿ ಸಂತ ಶರೀಫರ ಜಾತ್ರೆಗೆ, ಅದೇ ತಾಲೂಕಿನ ಹುಲಗೂರಿನಲ್ಲಿ ಖಾದರ್ ಶಾಹವಲಿಯವರ ಉರುಸಿಗೆ ಹಾನಗಲ್ಲ, ಸವಣೂರು, ಹಿರೇಕೆರೂರು ಕಡೆಗಳಿಂದಲೂ ಜನ ಬರುತ್ತಾರೆ. ಬಸ್ಸಿನಲ್ಲಿ ಬರುವವರಿದ್ದಾರೆ, ಟೆಂಪೋ ಮಾಡಿಕೊಂಡು ಬರುವವರಿದ್ದಾರೆ, ಟ್ರಾಕ್ಟರಿನ ಟ್ರೇಲರಿನಲ್ಲಿ ಕೂತು ಬುತ್ತಿ ಕಟ್ಟಿಕೊಂಡು ಬರುವವರೂ ಇದ್ದಾರೆ. ದೊಡ್ಡವರು ಒಂದು ಮರದ ನೆರಳು ನೋಡಿ ಚಾಪೆ ಹಾಸಿದ ಕೂಡಲೇ ಮಕ್ಕಳ ಬೇಡಿಕೆ ಶುರುವಾಗುತ್ತದೆ. ಬೆಂಡು ಬತ್ತಾಸಿನ ಅಂಗಡಿ, ತಿರುಗುವ ತೊಟ್ಟಿಲು, ಗಿರಮಿಟ್ ಮಿರ್ಚಿಯ ಗಾಡಿ, ಬಳೆಯ ಸಾಲು ಎಲ್ಲವೂ ಕಣ್ಣೆದುರಿಗೇ ಇವೆ. “ನಾವ್ ನಾವ ಹೋಗಿ ಬರ್ತೀವಿ, ಹತ್ತು ಮಿನಿಟು ಅಷ್ಟ” ಎನ್ನುತ್ತವೆ ಮಕ್ಕಳು. ಒಬ್ಬ ತಾಯಿ ಸೆರಗಿನ ತುದಿಯನ್ನು ಮಗನ ಕೈಗೆ ಕೊಟ್ಟು, ಬಿಟ್ಟರೆ ನೋಡು ಎನ್ನುತ್ತಾಳೆ. ಇನ್ನೊಬ್ಬರು ಐವತ್ತು ರೂಪಾಯಿಯ ನೋಟು ಕೊಟ್ಟು ಹೋಗಿ ಬಾ ಎಂದು ಹೇಳಿ ಮಾತಿಗೆ ತೊಡಗುತ್ತಾರೆ. ಇವರಲ್ಲಿ ಯಾರು ಸರಿ?

ಇದು ಜಾತ್ರೆಯ ಒಂದು ದಿನಕ್ಕೆ ಮುಗಿಯುವ ಪ್ರಶ್ನೆಯೆಂದು ನಮಗೆ ಅನಿಸುವುದಿಲ್ಲ. ಕಣ್ಣಳತೆಯಿಂದ ಮಗುವನ್ನು ಬಿಡುವುದೇ ಬೇಡವೇ ಎಂಬ ತೀರ್ಮಾನದ ಹಿಂದೆ ದೊಡ್ಡದೊಂದು ನೈತಿಕ ಪ್ರಶ್ನೆಯಿದೆ. ಮಗು ಹೆತ್ತವರ ಸ್ವತ್ತೇ, ಅಥವಾ ಅವರ ಬಳಿ ಇರುವ ಅಮಾನತ್ತೇ? ಸ್ವತ್ತಾದರೆ ಕಾಯ್ದುಕೊಂಡರೆ ಸಾಕು. ಅಮಾನತ್ತಾದರೆ ಒಂದು ದಿನ ಒಪ್ಪಿಸಬೇಕು. ಮಗುವಿನ ವಿಷಯದಲ್ಲಿ ಆ ಅಮಾನತ್ತನ್ನು ಒಪ್ಪಿಸಬೇಕಾಗಿರುವುದು ಬೇರೆ ಯಾರಿಗೋ ಅಲ್ಲ, ಬೆಳೆದು ನಿಂತ ಅದೇ ಮಗುವಿಗೆ. ಅದರ ಕಾಲು, ಅದರ ನಾಲಿಗೆ, ಅದರ ಹಣ, ಅದರ ನಿರ್ಧಾರ ಎಲ್ಲವನ್ನೂ ಒಂದಲ್ಲ ಒಂದು ದಿನ ಅದರ ವಶಕ್ಕೆ ಬಿಟ್ಟುಕೊಡಬೇಕು. ಹದಿನೆಂಟು ತುಂಬಿದ ದಿನ ಬೆಳಿಗ್ಗೆ ಎಲ್ಲವನ್ನೂ ಒಟ್ಟಿಗೆ ಕೊಟ್ಟುಬಿಡುತ್ತೇವೆಂದರೆ ಆಗುವ ಮಾತಲ್ಲ. ಸ್ವಲ್ಪ ಸ್ವಲ್ಪವಾಗಿ ಕೊಡಲು ಆರಂಭಿಸಬೇಕಾದ ವಯಸ್ಸು ಈ ಅರ್ಧ ಟಿಕೆಟ್ಟಿನ ವಯಸ್ಸೇ.

ಹಾಗೆಂದು ಹೆತ್ತವರ ಭಯವನ್ನು ತಳ್ಳಿಹಾಕುವಂತಿಲ್ಲ. ಈ ನಾಲ್ಕು ತಾಲೂಕುಗಳನ್ನು ಬಲ್ಲವರಿಗೆ ಆ ಭಯದ ಹೆಸರು, ಜಾಗ ಎಲ್ಲವೂ ಗೊತ್ತು. ಇದು ಕೆರೆಗಳ ಸೀಮೆ. ಹಾನಗಲ್ಲಿನ ಆನೆಕೆರೆ, ಹಿರೇಕೆರೂರಿನ ದುರ್ಗಾದೇವಿ ಕೆರೆ, ಮಳೆಗಾಲದಲ್ಲಿ ಕೋಡಿ ಬಿದ್ದಾಗ ಸಂಸಾರ ಸಮೇತ ಜನ ನೋಡಲು ಹೋಗುವ ಮಾಸೂರಿನ ಮದಗದ ಕೆರೆ, ಎಲ್ಲವೂ ನೋಡಲು ಚೆಂದ. ಆದರೆ ನೀರಿಗೆ ಮಗು ಯಾವುದು, ದೊಡ್ಡವರು ಯಾರು ಎಂಬ ಭೇದವಿಲ್ಲ. 2014-15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಡಿ ರಾಜ್ಯದ ಹೊಲಗಳಲ್ಲಿ ಕೃಷಿ ಹೊಂಡಗಳು ಬಂದವು. ರೈತನಿಗೆ ಅವು ಉಪಕಾರಿಯೇ. ಆದರೆ ಪ್ಲಾಸ್ಟಿಕ್ ಹಾಳೆ ಹಾಸಿದ ಅದರ ಇಳಿಜಾರಿನಲ್ಲಿ ಜಾರಿದವನಿಗೆ ಹಿಡಿದು ಮೇಲೇರಲು ಒಂದು ಬೇರೂ ಸಿಗುವುದಿಲ್ಲ. ಮಕ್ಕಳ ಸಾವಿನ ಪ್ರಮುಖ ಕಾರಣಗಳಲ್ಲಿ ನೀರಿನಲ್ಲಿ ಮುಳುಗುವುದೂ ಒಂದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಬಂದಿದೆ. ಇನ್ನು ಶಿಗ್ಗಾವಿಯ ಪಕ್ಕದಲ್ಲೇ ಪುಣೆ-ಬೆಂಗಳೂರು ಹೆದ್ದಾರಿ ಹಾದುಹೋಗುತ್ತದೆ. ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ನೋಡಲು ಬಂದ ಮಕ್ಕಳು ಒಳಗೆ ಸಿಮೆಂಟಿನ ಎತ್ತು, ಕೋಣ, ರೈತರ ನಡುವೆ ಎಷ್ಟು ಓಡಾಡಿದರೂ ಚಿಂತೆಯಿಲ್ಲ. ಗೇಟಿನ ಹೊರಗೆ ಮಾತ್ರ ಮಾತು ಬೇರೆ.

ಇಲ್ಲಿ ನಮಗೆ ಒಂದು ಭೇದ ಮುಖ್ಯವೆನಿಸುತ್ತದೆ. ಮಕ್ಕಳು ಮಾಡುವ ತಪ್ಪುಗಳಲ್ಲಿ ಎರಡು ಬಗೆ. ಒಂದು, ಮತ್ತೆ ಸರಿಪಡಿಸಲಾಗದ ತಪ್ಪು. ಆಳ ನೀರು, ವೇಗದ ವಾಹನ, ಕರೆಂಟಿನ ತಂತಿ, ಬೆಂಕಿ ಇವುಗಳ ಮುಂದೆ ಮಾಡುವ ತಪ್ಪು ಈ ಜಾತಿಯದು. ಅಲ್ಲಿ ಕಲಿಯಲು ಎರಡನೇ ಅವಕಾಶ ಇರುವುದಿಲ್ಲ. ಇನ್ನೊಂದು, ಕಲಿಸಿ ಹೋಗುವ ತಪ್ಪು. ಇಪ್ಪತ್ತು ರೂಪಾಯಿಯ ಪೀಪಿಗೆ ನಲವತ್ತು ಕೊಟ್ಟು ಬರುವುದು, ಮೂರು ಸಾಲು ಅಂಗಡಿ ದಾಟಿದ ಮೇಲೆ ದಾರಿ ತಪ್ಪಿ ಯಾರನ್ನೋ ಕೇಳಿಕೊಂಡು ಬರುವುದು, ತಂಗಿಯ ಪಾಲಿನ ದುಡ್ಡನ್ನೂ ತೊಟ್ಟಿಲಿಗೆ ಖರ್ಚು ಮಾಡಿ ಅವಳ ಅಳುವನ್ನು ಎದುರಿಸುವುದು, ಇವೆಲ್ಲ ಎರಡನೇ ಬಗೆಯವು. ಮೊದಲನೆಯದರಲ್ಲಿ ಎಷ್ಟು ಬಿಗಿಯಿದ್ದರೂ ಕಡಿಮೆಯೇ. ಮದಗದ ಕೆರೆಯ ಕೋಡಿಯ ಹತ್ತಿರ ಹನ್ನೊಂದರ ಹುಡುಗನ ಕೈ ಹಿಡಿದುಕೊಂಡರೆ ಅವನಿಗೆ ನಾಚಿಕೆಯಾಗಬಹುದು, ಆಗಲಿ. ಎರಡನೆಯದರಲ್ಲಿ ಕೈ ಬಿಡದೆ ಹೋದರೆ ಮಗುವಿಗೆ ಸಲ್ಲಬೇಕಾದ ಪಾಠವನ್ನು ಕಿತ್ತುಕೊಂಡಂತೆ. ನಮ್ಮಲ್ಲಿ ಎಷ್ಟೋ ಸಲ ಇದು ತಲೆಕೆಳಗಾಗಿರುತ್ತದೆ. ಅಂಗಡಿಗೆ ಒಬ್ಬನನ್ನೇ ಕಳಿಸಲು ಹೆದರುವವರೇ ಕೆರೆಯ ದಂಡೆಯಲ್ಲಿ ಮೊಬೈಲಿನಿಂದ ಫೋಟೋ ತೆಗೆಯುತ್ತ, ಇನ್ನೂ ಹಿಂದೆ ಹೋಗು ಎನ್ನುವುದುಂಟು.

ಮೂರನೆಯ ಭಯ ಮನುಷ್ಯರದು, ಅದನ್ನು ಬಾಯಿಬಿಟ್ಟು ಆಡುವವರು ಕಡಿಮೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗಾಗಿಯೇ 2012ರಲ್ಲಿ ಪೋಕ್ಸೋ ಕಾಯ್ದೆ ಬಂತು. ಈ ಕಾಯ್ದೆಯಡಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಮಗುವಿಗೆ ಪರಿಚಿತರೇ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳು ವರ್ಷವರ್ಷವೂ ಹೇಳುತ್ತವೆ. ನೆರೆಯವರು, ನೆಂಟರು, ಮನೆಗೆ ಬಂದು ಹೋಗುವವರು. ಜಾತ್ರೆಯ ಗುಂಪಿನಲ್ಲಿ ಅಪರಿಚಿತನಿಗೆ ಹೆದರಿ ಮಗುವನ್ನು ಕಟ್ಟಿಹಾಕಿ, ಪರಿಚಿತನ ಬೈಕಿನ ಹಿಂದೆ ಕೂರಿಸಿ ಕಳಿಸುವುದು ಯಾವ ಬಗೆಯ ಎಚ್ಚರ? ಅಪರಿಚಿತರೊಡನೆ ಮಾತಾಡಬೇಡ ಎಂದಷ್ಟೇ ಕಲಿತ ಮಗುವಿಗೆ ಚಿಕ್ಕಪ್ಪನ ಗೆಳೆಯನಿಗೆ ಬೇಡ ಎನ್ನಲು ಬರುವುದಿಲ್ಲ. ಯಾರೇ ಆಗಲಿ, ಮೈ ಮುಟ್ಟಿದ್ದು ಸರಿಯೆನಿಸದಿದ್ದರೆ ಕೂಗಬಹುದು, ಓಡಿ ಬರಬಹುದು, ಬಂದು ಹೇಳಿದರೆ ಮನೆಯವರು ನಂಬುತ್ತಾರೆ ಎಂಬ ಧೈರ್ಯವೇ ಆ ಮಗುವಿನ ನಿಜವಾದ ಕಾವಲು. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆ ಗೋಡೆಯ ಮೇಲೆ ಮಾತ್ರ ಇರದೆ ಮಗುವಿನ ಬಾಯಲ್ಲೂ ಇರಬೇಕು.

ಈಗ ವಯಸ್ಸಿನ ವಿಚಾರಕ್ಕೆ ಬರೋಣ. ಮಗುವನ್ನು ಒಬ್ಬನೇ ಬಿಡಲು ಯಾವ ವಯಸ್ಸು ಸರಿ ಎಂದು ನಮ್ಮ ಕಾನೂನು ಗೆರೆ ಎಳೆದಿಲ್ಲ. ಆದರೆ ಹೊಣೆಗಾರಿಕೆಯ ವಿಷಯದಲ್ಲಿ ಅದು ಹೇಳುವ ಮಾತು ಯೋಚಿಸತಕ್ಕದ್ದು. 1860ರ ಭಾರತೀಯ ದಂಡ ಸಂಹಿತೆಯ 82ನೇ ಕಲಮು ಏಳು ವರ್ಷದೊಳಗಿನ ಮಗು ಮಾಡಿದ್ದು ಯಾವುದೂ ಅಪರಾಧವಲ್ಲ ಎಂದಿತು. 83ನೇ ಕಲಮು ಏಳರಿಂದ ಹನ್ನೆರಡರ ನಡುವಿನ ಮಗುವಿನ ಬಗ್ಗೆ ಬೇರೆಯೇ ದಾರಿ ಹಿಡಿಯಿತು. ತಾನು ಮಾಡಿದ್ದೇನು, ಅದರ ಪರಿಣಾಮವೇನು ಎಂದು ಅರಿಯುವಷ್ಟು ತಿಳುವಳಿಕೆ ಆ ಮಗುವಿಗೆ ಬಂದಿತ್ತೇ ಎಂದು ನೋಡಬೇಕು ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ತನ್ನ 20 ಮತ್ತು 21ನೇ ಕಲಮುಗಳಲ್ಲಿ ಇದನ್ನೇ ಉಳಿಸಿಕೊಂಡಿದೆ. ಅಂದರೆ ಈ ಐದು ವರ್ಷಗಳ ಮಟ್ಟಿಗೆ ಹುಟ್ಟಿದ ತಾರೀಖು ನೋಡಿ ತೀರ್ಪು ಕೊಡುವಂತಿಲ್ಲ, ಎದುರಿಗಿರುವ ಮಗುವನ್ನೇ ನೋಡಬೇಕು. ನ್ಯಾಯಾಲಯಕ್ಕೆ ಕಾನೂನು ಹೇಳಿದ ಈ ಕೆಲಸ ಮನೆಯಲ್ಲಿ ಹೆತ್ತವರಿಗೆ ಸಲ್ಲುವುದಿಲ್ಲವೇ?

ಇಸ್ಲಾಮೀ ಕರ್ಮಶಾಸ್ತ್ರದಲ್ಲಿಯೂ ಇಂಥದೇ ನಡುಹಂತವೊಂದಿದೆ. ಒಳಿತು ಕೆಡುಕುಗಳ ವ್ಯತ್ಯಾಸ ತಿಳಿಯತೊಡಗಿದ ಮಗುವನ್ನು ‘ಮುಮಯ್ಯಿಝ್’ ಎನ್ನುತ್ತಾರೆ. ಸಾಮಾನ್ಯವಾಗಿ ಏಳರ ಆಸುಪಾಸಿನಲ್ಲಿ ಆರಂಭವಾಗಿ ಪ್ರಾಯಕ್ಕೆ ಬರುವವರೆಗಿನ ಹಂತ ಇದು. ಪವಿತ್ರ ಕುರ್‌ಆನಿನ ‘ಅನ್ನಿಸಾ’ ಅಧ್ಯಾಯದ 6ನೇ ವಚನ ಅನಾಥ ಮಕ್ಕಳ ಆಸ್ತಿಯನ್ನು ನೋಡಿಕೊಳ್ಳುವವರಿಗೆ ಒಂದು ಕ್ರಮವನ್ನು ಕಲಿಸುತ್ತದೆ. ಮಕ್ಕಳು ಪ್ರಾಯಕ್ಕೆ ಬರುವ ತನಕ ಅವರನ್ನು ಪರೀಕ್ಷಿಸುತ್ತಿರಬೇಕು, ಅವರಲ್ಲಿ ವಿವೇಕ ಮೂಡಿದ್ದು ಕಂಡಾಗ ಅವರ ಸೊತ್ತನ್ನು ಅವರಿಗೆ ಒಪ್ಪಿಸಬೇಕು ಎಂಬುದು ಅದರ ಆಶಯ. ಪರೀಕ್ಷೆ ಮೊದಲು, ಒಪ್ಪಿಸುವುದು ಆಮೇಲೆ. ಹನಫೀ ವಿದ್ವಾಂಸರು ಇದೇ ವಚನದ ಆಧಾರದಲ್ಲಿ, ತಿಳುವಳಿಕೆ ಬಂದ ಬಾಲಕ ಪೋಷಕರ ಅನುಮತಿಯಿಂದ ಕೊಡುಕೊಳ್ಳುವ ವ್ಯವಹಾರ ಮಾಡಬಹುದು ಎಂದರು. ಕೈಗೆ ಏನನ್ನೂ ಕೊಡದೆ ಪರೀಕ್ಷಿಸುವುದಾದರೂ ಹೇಗೆ ಎಂಬುದು ಅವರ ತರ್ಕ. ಆಸ್ತಿಯ ವಿಷಯದಲ್ಲಿ ಹೇಳಿದ ಈ ಮಾತು ಓಡಾಟಕ್ಕೂ, ಸಮಯಕ್ಕೂ, ಗೆಳೆತನಕ್ಕೂ ಅನ್ವಯಿಸುತ್ತದೆ ಎಂದು ನಾವು ತಿಳಿಯುತ್ತೇವೆ. ಜಾತ್ರೆಯಲ್ಲಿ ಮಗುವಿನ ಕೈಗೆ ಕೊಟ್ಟ ಐವತ್ತು ರೂಪಾಯಿ ಅಂಥದೊಂದು ಪರೀಕ್ಷೆ. ಆದರೆ ಪರೀಕ್ಷೆಯೆಂದರೆ ಆಮೇಲೆ ಉತ್ತರವನ್ನು ನೋಡಬೇಕಲ್ಲವೇ? ನೋಟು ಕೊಟ್ಟು ಮಾತಿಗೆ ತೊಡಗಿದವರು ಪರೀಕ್ಷೆ ಇಟ್ಟಿಲ್ಲ, ಕಾಟ ತಪ್ಪಿಸಿಕೊಂಡಿದ್ದಾರೆ.

ಮೇಲ್ವಿಚಾರಣೆ ಹೇಗಿರಬೇಕೆಂಬುದಕ್ಕೆ ಹದೀಸಿನ ಒಂದು ಪ್ರಸಂಗ ನಮಗೆ ದಾರಿ ತೋರುತ್ತದೆ. ಅನಸ್(ರ) ಹತ್ತು ವರ್ಷದ ಬಾಲಕರಾಗಿದ್ದಾಗ ತಾಯಿ ಉಮ್ಮು ಸುಲೈಮ್(ರ) ಅವರನ್ನು ಪ್ರವಾದಿ(ಸ)ಯವರ ಸೇವೆಗೆ ಒಪ್ಪಿಸಿದರು. ಅದೂ ಅರ್ಧ ಟಿಕೆಟ್ಟಿನ ವಯಸ್ಸೇ. ಒಂದು ದಿನ ಪ್ರವಾದಿ(ಸ) ಯಾವುದೋ ಕೆಲಸಕ್ಕೆ ಕಳಿಸಿದರು. ಹುಡುಗ ಮನಸ್ಸಿನಲ್ಲಿ ಹೋಗಬೇಕೆಂದಿದ್ದರೂ ಬಾಯಲ್ಲಿ ಹೋಗುವುದಿಲ್ಲ ಎಂದುಬಿಟ್ಟ. ಹೊರಟವನು ಪೇಟೆಯಲ್ಲಿ ಆಡುತ್ತಿದ್ದ ಮಕ್ಕಳ ಹತ್ತಿರ ನಿಂತ. ಸ್ವಲ್ಪ ಹೊತ್ತಿನಲ್ಲಿ ಹಿಂದಿನಿಂದ ಯಾರೋ ಕುತ್ತಿಗೆ ಹಿಡಿದಂತಾಯಿತು. ತಿರುಗಿ ನೋಡಿದರೆ ಪ್ರವಾದಿ(ಸ), ಮುಖದಲ್ಲಿ ನಗು. ಹೇಳಿದಲ್ಲಿಗೆ ಹೋದೆಯಾ ಎಂದು ಪ್ರೀತಿಯ ಹೆಸರಿನಿಂದ ಕೇಳಿದರು. ಈಗ ಹೊರಟೆ ಎಂದ ಹುಡುಗ. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ವರದಿಯನ್ನು ಅನಸ್(ರ) ದೊಡ್ಡವರಾದ ಮೇಲೆ ತಾವೇ ಹೇಳಿದ್ದು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ತಮಗೆ ಛೆ ಎನ್ನಲಿಲ್ಲ ಎಂದೂ ಅವರು ನೆನೆದಿದ್ದಾರೆ. ಈ ಸಣ್ಣ ಪ್ರಸಂಗದಲ್ಲಿ ಎಷ್ಟೊಂದು ಸಂಗತಿಗಳಿವೆ ನೋಡಿ. ಹತ್ತರ ಹುಡುಗನನ್ನು ಒಬ್ಬನೇ ಕಳಿಸಿದ್ದಾರೆ. ಕಳಿಸಿ ಮರೆತಿಲ್ಲ, ಹಿಂದೆಯೇ ಬಂದಿದ್ದಾರೆ. ತಪ್ಪನ್ನು ಕಂಡೂ ಅವಮಾನಿಸಿಲ್ಲ. ಕೆಲಸವನ್ನು ಮತ್ತೆ ಅವನ ಕೈಯಲ್ಲೇ ಬಿಟ್ಟಿದ್ದಾರೆ. ಕಣ್ಣೂ ಇದೆ, ಸ್ವಾತಂತ್ರ್ಯವೂ ಇದೆ, ನಡುವೆ ನಗುವಿದೆ.

ಆ ನಗು ಇಲ್ಲದ ಕಾವಲು ಏನು ಮಾಡುತ್ತದೆ ಎಂಬುದನ್ನು ಇಬ್ನು ಖಲ್ದೂನ್ 1377ರಲ್ಲಿ ಬರೆದ ‘ಮುಖದ್ದಿಮಾ’ದಲ್ಲಿ ವಿವರಿಸಿದ್ದಾರೆ. ಮಕ್ಕಳನ್ನು ಕಠೋರವಾಗಿ ಬೆಳೆಸಿದರೆ ಅವರ ಉತ್ಸಾಹ ಕುಗ್ಗುತ್ತದೆ, ಶಿಕ್ಷೆಗೆ ಹೆದರಿ ಸುಳ್ಳು ಕಲಿಯುತ್ತಾರೆ, ಕೊನೆಗೆ ಕಪಟವೇ ಅವರ ಸ್ವಭಾವವಾಗುತ್ತದೆ ಎಂಬುದು ಅವರ ಅಭಿಪ್ರಾಯ. ನಮ್ಮ ಮನೆಗಳಲ್ಲೂ ಇದು ಕಾಣದ್ದಲ್ಲ. ಅತಿಯಾಗಿ ಕಾಯಿಸಿಕೊಂಡ ಮಗು ಒಳ್ಳೆಯ ಮಗುವಾಗುವುದಕ್ಕಿಂತ ಸಿಕ್ಕಿಬೀಳದ ಮಗುವಾಗುವುದನ್ನು ಬೇಗ ಕಲಿಯುತ್ತದೆ. ಅಂಥ ಮಗುವಿಗೆ ನಿಜಕ್ಕೂ ಅಪಾಯ ಎದುರಾದ ದಿನ, ಹೋಗಬಾರದ ಕಡೆ ಹೋಗಿದ್ದೆ ಎಂದು ಹೇಳಲು ಹೆದರಿ, ಆದದ್ದನ್ನೂ ಹೇಳದೆ ಉಳಿಯುತ್ತದೆ. ಕಾವಲಿನ ಉದ್ದೇಶವೇ ಅಲ್ಲಿಗೆ ಮಣ್ಣುಪಾಲಾಯಿತು. ಆದ್ದರಿಂದ ಮಗು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ನಾವು ಒಂದೇ ಅಳತೆಗೋಲನ್ನು ಮುಂದಿಡುತ್ತೇವೆ. ಹಿಂದಿರುಗಿ ಬಂದು ನಿಜ ಹೇಳಬಲ್ಲಷ್ಟು ದೂರ. ಈ ಅಳತೆ ಮಗುವಿನ ಗುಣವನ್ನಷ್ಟೇ ಅಳೆಯುವುದಿಲ್ಲ, ನಿಜವನ್ನು ಕೇಳಿಸಿಕೊಳ್ಳುವ ಹೆತ್ತವರ ತಾಳ್ಮೆಯನ್ನೂ ಅಳೆಯುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನು ನೋಡದಿದ್ದರೆ ಮಾತು ಅರ್ಧವಾಗುತ್ತದೆ. ಸ್ವಾತಂತ್ರ್ಯ ಬೇಕೋ ಬೇಡವೋ ಎಂದು ಯಾರೂ ಕೇಳದ ಮಕ್ಕಳೂ ಈ ತಾಲೂಕುಗಳಲ್ಲಿದ್ದಾರೆ. ಅವ್ವ ಮೆಣಸಿನಕಾಯಿ ಬಿಡಿಸಲು, ಗೋವಿನಜೋಳದ ತೆನೆ ಮುರಿಯಲು ಕೂಲಿಗೆ ಹೋದಾಗ ಹತ್ತರ ಹುಡುಗಿಯೇ ಮನೆಯ ಯಜಮಾನಿ. ಗೋವೆಗೋ ಮಂಗಳೂರಿಗೋ ದುಡಿಯಲು ಹೋದವರ ಮಕ್ಕಳು ಅಜ್ಜಿಯ ಜೊತೆ ಇರುತ್ತಾರೆ. ಅಲ್ಲಿ ಅಜ್ಜಿಯನ್ನು ಮಗು ನೋಡಿಕೊಳ್ಳುತ್ತದೋ ಮಗುವನ್ನು ಅಜ್ಜಿಯೋ ಹೇಳುವುದು ಕಷ್ಟ. ಆಡು ಕಾಯುವ ಹುಡುಗ ದಿನವಿಡೀ ಯಾರ ಕಣ್ಣಿಗೂ ಬೀಳದೆ ಕೆರೆಯಂಗಳದಲ್ಲಿ ಇರುತ್ತಾನೆ. ಇವರನ್ನು ನೋಡಿ, ಹಳ್ಳಿಯ ಮಕ್ಕಳು ಎಷ್ಟು ಸ್ವತಂತ್ರರು, ಎಷ್ಟು ಗಟ್ಟಿಗರು ಎಂದು ಹೊಗಳುವವರಿದ್ದಾರೆ. ಗಟ್ಟಿಗರು ಹೌದು. ಆದರೆ ಯಾರೋ ಯೋಚಿಸಿ, ಅಳೆದು, ಹಿಂದೆ ನಿಂತು ಕೊಟ್ಟದ್ದನ್ನು ಸ್ವಾತಂತ್ರ್ಯ ಎನ್ನಬೇಕು. ಬೇರೆ ದಾರಿಯಿಲ್ಲದೆ ತಲೆಯ ಮೇಲೆ ಬಿದ್ದದ್ದಕ್ಕೆ ಆ ಹೆಸರು ಸಲ್ಲದು. ಅದಕ್ಕೆ ಆ ಬಡ ತಾಯಿಯನ್ನು ದೂರುವುದು ಅನ್ಯಾಯ. ಅವಳಿಗೆ ಬೇಕಾಗಿರುವುದು ಬುದ್ಧಿವಾದವಲ್ಲ. ಶಾಲೆ ಬಿಟ್ಟ ಮೇಲೆ ಕತ್ತಲಾಗುವ ತನಕ ಮಕ್ಕಳು ಇರಬಹುದಾದ ಒಂದು ಜಾಗ ಬೇಕು. ಮಸೀದಿಯ ಮದ್ರಸಾ ಕೋಣೆ, ಗುಡಿಯ ಪಡಸಾಲೆ, ಗ್ರಾಮ ಪಂಚಾಯತಿಯ ಗ್ರಂಥಾಲಯ ಇವುಗಳನ್ನು ಆ ಮೂರು ತಾಸು ತೆರೆದಿಟ್ಟರೆ ಎಷ್ಟೋ ತಾಯಂದಿರು ಹೊಲದಲ್ಲಿ ನೆಮ್ಮದಿಯಿಂದ ಇರಬಹುದು.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಅಳತೆಗೋಲೇ ಬದಲಾಗುತ್ತದೆ. ಎಂಟು ವರ್ಷದ ತನಕ ಅಣ್ಣ ತಂಗಿ ಇಬ್ಬರೂ ಓಣಿಯಲ್ಲಿ ಒಟ್ಟಿಗೆ ಆಡಿದವರು. ಹನ್ನೊಂದಕ್ಕೆ ಬರುವಾಗ ಅಣ್ಣನ ಓಡಾಟ ಊರ ತುದಿಯವರೆಗೆ ಬೆಳೆದಿರುತ್ತದೆ, ತಂಗಿಯದು ಹೊಸ್ತಿಲಿಗೆ ಬಂದು ನಿಂತಿರುತ್ತದೆ. ಜಾತ್ರೆಗೆ ಹೋದರೂ ಅವನು ತೊಟ್ಟಿಲ ಮೇಲೆ, ಅವಳು ಚಾಪೆಯ ಮೇಲೆ, ಮಡಿಲಲ್ಲಿ ಯಾರದೋ ಕೂಸು. ಈ ಮಾತು ಮುಸ್ಲಿಮರಿಗೆ ಮಾತ್ರ ಸೇರಿದ್ದಲ್ಲ, ಎಲ್ಲ ಜಾತಿಯ ಮನೆಗಳಲ್ಲೂ ಹೀಗೆಯೇ. ಅವಳ ಮೇಲೆ ಅಪಾಯ ಹೆಚ್ಚು ಎಂಬುದು ಕಾರಣ. ಇರಬಹುದು. ಆದರೆ ಅಪಾಯ ಹೆಚ್ಚಿರುವವರಿಗೆ ತಯಾರಿಯೂ ಹೆಚ್ಚು ಬೇಕಲ್ಲವೇ? ಇಂದು ಅದೇ ಹುಡುಗಿ ಎರಡು ವರ್ಷ ಕಳೆದು ಹೈಸ್ಕೂಲಿಗೆಂದು ಪಕ್ಕದ ಊರಿಗೆ ಶಕ್ತಿ ಯೋಜನೆಯ ಬಸ್ಸಿನಲ್ಲಿ ಹೋಗಬೇಕು. ತುಂಬಿದ ಬಸ್ಸು, ನಿಲ್ದಾಣದ ಕಾಯುವಿಕೆ, ಚಿಲ್ಲರೆ ಮಾತಿನ ಪುಂಡರು ಎಲ್ಲವನ್ನೂ ಒಮ್ಮೆಲೇ ಎದುರಿಸಬೇಕು. ಹನ್ನೊಂದರಲ್ಲಿ ಜಾತ್ರೆಯ ಬಳೆಯಂಗಡಿಗೆ ಗೆಳತಿಯೊಡನೆ ಹೋಗಿಬಂದು ಅಭ್ಯಾಸವಿದ್ದ ಹುಡುಗಿ ಅಲ್ಲಿ ತಲೆಯೆತ್ತಿ ನಿಲ್ಲುತ್ತಾಳೆ. ಅಭ್ಯಾಸವಿಲ್ಲದವಳ ಮೊದಲ ಕಹಿ ಅನುಭವಕ್ಕೇ ಮನೆಯವರು ಶಾಲೆ ಬಿಡಿಸುತ್ತಾರೆ. ಹೀಗೆ ಕಾಪಾಡುವ ಹೆಸರಿನಲ್ಲಿ ಅವಳ ಓದನ್ನೇ ಕಳೆಯುತ್ತೇವೆ.

ಹಿಂದೆ ಮಕ್ಕಳನ್ನು ಕಾಯಲು ಹೆತ್ತವರ ಎರಡು ಜೊತೆ ಕಣ್ಣು ಮಾತ್ರ ಇರಲಿಲ್ಲ. ಕಿರಾಣಿ ಅಂಗಡಿಯ ಸಾಹುಕಾರ, ಬಾವಿಕಟ್ಟೆಯ ಅಜ್ಜಿ, ಹೊಲಿಗೆ ಮಿಶನ್ನಿನ ಚಾಚಾ, ಎಲ್ಲರೂ “ಯಾರ ಮಗನೋ ನೀ? ಇಲ್ಲೇನು ಮಾಡಾಕತ್ತೀ?” ಎಂದು ಕೇಳುವವರೇ. ತಮ್ಮ ಮಗ ಶರೀಫನನ್ನು ಕಳಸದ ಗೋವಿಂದಭಟ್ಟರ ಕೈಗೆ ಇಮಾಮ್ ಸಾಹೇಬರು ಒಪ್ಪಿಸಿದರೆಂದು ಜನ ಇಂದಿಗೂ ಹೇಳುವ ಸೀಮೆ ಇದು. ಒಬ್ಬರ ಮಗುವನ್ನು ಇನ್ನೊಬ್ಬರು ತಮ್ಮದೆಂದು ನೋಡಿಕೊಳ್ಳುವ ಆ ನಂಬಿಕೆ ಇದ್ದಲ್ಲಿ ಮಕ್ಕಳಿಗೆ ಊರೇ ಅಂಗಳವಾಗುತ್ತದೆ. ಜಪಾನಿನಲ್ಲಿ ಆರೇಳು ವರ್ಷದ ಮಕ್ಕಳು ತಾವೇ ನಡೆದು ಶಾಲೆಗೆ ಹೋಗುತ್ತಾರೆಂದು ನಾವು ಬೆರಗಾಗುತ್ತೇವೆ. ಅಲ್ಲಿ ಆ ದಾರಿಯುದ್ದಕ್ಕೂ ಊರಿನ ಹಿರಿಯರು ಸ್ವಯಂಸೇವಕರಾಗಿ ನಿಂತಿರುತ್ತಾರೆ ಎಂಬುದನ್ನು ಮರೆಯುತ್ತೇವೆ. ನಮ್ಮಲ್ಲಿ ಊರ ಕಣ್ಣು ಮುಚ್ಚಿಲ್ಲ, ಅದರ ನೋಟ ಮಾತ್ರ ಬದಲಾಗಿದೆ. ಮಗು ಸುರಕ್ಷಿತವಾಗಿದೆಯೇ ಎಂದು ನೋಡುತ್ತಿದ್ದ ಕಣ್ಣು ಈಗ ಯಾರ ಹುಡುಗಿ ಯಾರ ಹುಡುಗನ ಜೊತೆ ಮಾತಾಡಿದಳು, ಯಾವ ಧರ್ಮದವನು ಯಾವ ಅಂಗಡಿಯಲ್ಲಿ ಕೂತ ಎಂದು ನೋಡುತ್ತಿದೆ. ಈ ಪತ್ತೇದಾರಿಕೆ ಎರಡೂ ಕಡೆಗಳಲ್ಲಿದೆ. ಇದರಿಂದ ಒಂದು ಮಗುವಾದರೂ ನೀರಿನಿಂದ, ಲಾರಿಯಿಂದ, ದುಷ್ಟನಿಂದ ಪಾರಾದದ್ದಿದೆಯೇ? ಬದಲಿಗೆ ದಾರಿ ತಪ್ಪಿದ ಮಗುವನ್ನು ಕೈಹಿಡಿದು ಮಾತಾಡಿಸಲು ಒಳ್ಳೆಯವರೂ ಹಿಂಜರಿಯುವಂತಾಗಿದೆ. ಮಕ್ಕಳ ಕಳ್ಳರೆಂಬ ವದಂತಿಗೆ 2018ರಲ್ಲಿ ಬೆಂಗಳೂರಿನಲ್ಲಿ, ಬೀದರ್ ಜಿಲ್ಲೆಯಲ್ಲಿ ಅಮಾಯಕರು ಗುಂಪಿನ ಕೈಯಲ್ಲಿ ಸತ್ತದ್ದನ್ನು ನಮ್ಮ ರಾಜ್ಯ ಮರೆಯುವಂತಿಲ್ಲ. ಬೀದರಿನಲ್ಲಿ ಸತ್ತವನು ಮಾಡಿದ್ದು, ಮಕ್ಕಳಿಗೆ ಚಾಕಲೇಟು ಹಂಚಿದವರ ಜೊತೆಯಲ್ಲಿ ಇದ್ದದ್ದು.

ಊರ ಕಣ್ಣನ್ನು ನಂಬದವರು ಈಗ ಮೊಬೈಲನ್ನು ನಂಬುತ್ತಿದ್ದಾರೆ. ಮಗು ಎಲ್ಲಿದೆಯೆಂದು ತೋರಿಸುವ ಕೈಗಡಿಯಾರಗಳೂ ಬಂದಿವೆ. ಗಲ್ಫಿನಿಂದ ರಜೆಗೆ ಸವಣೂರಿಗೆ ಬರುವ ಸಂಸಾರಗಳ ಮಕ್ಕಳ ಕೈಯಲ್ಲಿ ಇವು ಕಾಣುತ್ತವೆ. ಹತ್ತನೇ ಮಾಳಿಗೆಯ ಫ್ಲಾಟಿನಲ್ಲಿ ಬೆಳೆದ ಮಗುವಿಗೆ ದೊಡ್ಡಹುಣಸೆ ಮಠದ ಆ ಭಾರೀ ಮರಗಳ ತನಕ ಸೋದರಸಂಬಂಧಿಗಳ ಜೊತೆ ನಡೆದುಹೋಗುವುದೇ ಒಂದು ಸಾಹಸ. ಗಡಿಯಾರ ತಪ್ಪಲ್ಲ. ಆದರೆ ಅದು ಮಗು ಎಲ್ಲಿದೆ ಎಂದು ಹೇಳೀತು, ಹೇಗಿದೆ ಎಂದು ಹೇಳದು. ಇನ್ನೊಂದು ವಿಚಿತ್ರವೂ ಇದೆ. ಹೊರಗೆ ಹತ್ತು ಹೆಜ್ಜೆ ಬಿಡದ ಮಗುವನ್ನು ಒಳಗಿನ ಕೋಣೆಯಲ್ಲಿ ಮೊಬೈಲಿನೊಂದಿಗೆ ಮೂರು ತಾಸು ಬಿಡುತ್ತೇವೆ. ಜಾತ್ರೆಯಲ್ಲಿ ಅದನ್ನು ನೂರು ಜನ ನೋಡುತ್ತಾರೆ, ಆ ಕೋಣೆಯಲ್ಲಿ ಯಾರೂ ನೋಡುವುದಿಲ್ಲ. ಯಾರು ಒಂಟಿ ಎಂದು ಕೇಳಿದರೆ ಮನೆಯಲ್ಲಿರುವ ಮಗುವೇ ಹೆಚ್ಚು ಒಂಟಿ.

ಹಾಗಾದರೆ ಮಾಡಬೇಕಾದುದೇನು? ಹಣವಂತರು ಹತ್ತುವ ಪ್ರವಾಸಿ ಹಡಗುಗಳಲ್ಲಿ ಒಂದು ಪದ್ಧತಿಯಿದೆ. ಮಕ್ಕಳನ್ನು ಆಟದ ಕೋಣೆಯಲ್ಲಿ ಬಿಟ್ಟರೆ ಹೆತ್ತವರೇ ಬಂದು ಕರೆದೊಯ್ಯಬೇಕು. ಒಂಬತ್ತು ಹತ್ತು ದಾಟಿದವರಿಗೆ ಮಾತ್ರ, ಹೆತ್ತವರು ಮೊದಲೇ ಒಪ್ಪಿಗೆ ಕೊಟ್ಟಿದ್ದರೆ, ತಾವೇ ಹೊರಟು ಬರುವ ಅವಕಾಶವನ್ನು ಕೆಲವು ಕಂಪೆನಿಗಳು ಕೊಡುತ್ತವೆ. ಅದು ನಾಲ್ಕು ಸುತ್ತಲೂ ಕಟಕಟೆಯಿರುವ ಹಡಗು, ನಮ್ಮದು ಬಯಲು ಜಾತ್ರೆ. ಆದರೂ ಅದರಲ್ಲಿ ತೆಗೆದುಕೊಳ್ಳಬೇಕಾದ ಅಂಶವೊಂದಿದೆ. ಒಪ್ಪಿಗೆಯನ್ನು ಹೊರಡುವ ಮುಂಚೆ, ಮಗುವಿನ ಎದುರಿಗೇ ಮಾತಾಡಿ ಗೊತ್ತುಮಾಡುವುದು. ಜಾತ್ರೆಗೆ ಹೊರಡುವ ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಇಷ್ಟನ್ನು ಇತ್ಯರ್ಥ ಮಾಡಿಕೊಳ್ಳಬಹುದು. ಎಲ್ಲಿಯ ತನಕ ಹೋಗಬಹುದು, ಯಾರ ಜೊತೆ, ಎಷ್ಟು ಹೊತ್ತು, ತಪ್ಪಿಸಿಕೊಂಡರೆ ಎಲ್ಲಿ ನಿಲ್ಲಬೇಕು, ಯಾರನ್ನು ಕೇಳಬೇಕು. ಅಪ್ಪನ ಫೋನ್ ನಂಬರು ಬಾಯಿಪಾಠ ಇರಬೇಕು. ಕೆರೆಯ ಕಡೆ ಹೋಗುವುದಿಲ್ಲ ಎಂಬುದರಲ್ಲಿ ಚೌಕಾಶಿಯಿಲ್ಲ. ಉಳಿದುದರಲ್ಲಿ ಮಗುವಿನ ಮಾತಿಗೂ ಬೆಲೆಯಿರಲಿ. ಹತ್ತು ನಿಮಿಷ ಎಂದದ್ದು ಕಾಲು ತಾಸಾಗಲಿ ಎಂದು ಅದು ಕೇಳಿದರೆ ಯೋಚಿಸಬೇಕು. ತಾನೂ ಸೇರಿ ಮಾಡಿದ ಕರಾರನ್ನು ಮಗು ಮುರಿಯುವುದು ಕಡಿಮೆ.

ಮುರಿದರೂ ಅಲ್ಲಿಗೆ ಎಲ್ಲ ಮುಗಿಯುವುದಿಲ್ಲ. ಅರ್ಧ ತಾಸು ತಡವಾಗಿ, ಮುಖ ಸಣ್ಣದು ಮಾಡಿಕೊಂಡು ಬಂದ ಮಗುವಿಗೆ ನಾಲ್ಕು ಜನರೆದುರು ಕೆನ್ನೆಗೆ ಬಾರಿಸಿದರೆ ಅದು ಕಲಿಯುವುದು ಮುಂದಿನ ಸಲ ಹೇಗೆ ಮುಚ್ಚಿಡಬೇಕು ಎಂಬುದನ್ನೇ. ಏನಾಯಿತು ಎಂದು ಮೊದಲು ಕೇಳಬೇಕು. ಮುಂದಿನ ಸಲದ ಗಡಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆಯಬೇಕು, ಅದರ ಕಾರಣವನ್ನೂ ಹೇಳಬೇಕು. ಅದು ಸರಿಯಾಗಿ ನಡೆದರೆ ಮತ್ತೆ ದೂರ ಸರಿಸಬೇಕು.

ಏನಾದರೂ ಆದರೆ ಯಾರು ಹೊಣೆ ಎಂದು ಕೇಳುವವರಿದ್ದಾರೆ. ಹೆತ್ತವರೇ ಹೊಣೆ, ಅದನ್ನು ಯಾರೂ ತಪ್ಪಿಸಿಕೊಳ್ಳಲಾಗದು. ಆದರೆ ಏನೂ ಆಗದಂತೆ ಇಪ್ಪತ್ತು ವರ್ಷ ಕಾಯ್ದು, ಏನನ್ನೂ ನಿರ್ಧರಿಸಲು ಬಾರದ ಒಬ್ಬ ಮನುಷ್ಯನನ್ನು ಲೋಕಕ್ಕೆ ಕಳಿಸಿದರೆ ಅದಕ್ಕೂ ಅವರೇ ಹೊಣೆಯಲ್ಲವೇ? ಮೊದಲನೆಯ ನಷ್ಟ ಒಂದು ದಿನ ಎಲ್ಲರಿಗೂ ಕಾಣುತ್ತದೆ. ಎರಡನೆಯದು ಯಾರಿಗೂ ಕಾಣದಂತೆ ನಡೆಯುತ್ತದೆ. ಸಂತೆಯಲ್ಲಿ ಲೆಕ್ಕ ಕೇಳಲು ಹೆದರುವ ತರುಣನಲ್ಲಿ, ಅನ್ಯಾಯವೆಂದು ಗೊತ್ತಿದ್ದರೂ ಗುಂಪಿನ ಹಿಂದೆ ಕಲ್ಲೆತ್ತಿಕೊಂಡು ಹೋಗುವವನಲ್ಲಿ, ಗಂಡನ ಮನೆಯಲ್ಲಿ ಹೊಡೆತ ತಿಂದರೂ ಬಾಯಿಬಿಡದ ಮಗಳಲ್ಲಿ ಅದು ಹೊರಬರುತ್ತದೆ. ತಾನೇ ಯೋಚಿಸಿ ಹೆಜ್ಜೆಯಿಡುವುದನ್ನು ಕಲಿಯಬೇಕಾಗಿದ್ದ ವಯಸ್ಸಿನಲ್ಲಿ ಅವರಿಗೆ ಅದು ಸಿಕ್ಕಿರಲಿಲ್ಲ.

ಈ ವರ್ಷದ ಜಾತ್ರೆಗೋ ಉರುಸಿಗೋ ಹೊರಡುವ ಸಂಸಾರಗಳು ಕಾಸು, ಬುತ್ತಿ, ಚಾಪೆಗಳ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಲಿ. ತಮ್ಮ ಮಗುವಿಗೆ ಕಳೆದ ವರ್ಷಕ್ಕಿಂತ ಹತ್ತು ಹೆಜ್ಜೆ ಹೆಚ್ಚು ಯಾವ ಕಡೆಗೆ ಕೊಡಬಹುದು, ಯಾವ ಕಡೆಗೆ ಒಂದು ಹೆಜ್ಜೆಯನ್ನೂ ಕೊಡಬಾರದು? ಗುಂಪಿನಲ್ಲಿ ಇನ್ನೊಬ್ಬರ ಮಗು ಕಣ್ಣೀರು ಒರೆಸಿಕೊಳ್ಳುತ್ತ ನಿಂತದ್ದು ಕಂಡರೆ ಅದರ ಹೆಸರಿನಿಂದ ಜಾತಿ ಹುಡುಕದೆ, ಅವ್ವ ಎಲ್ಲಿದ್ದಾಳೆಂದು ಕೇಳಿ ಅವಳಿಗೆ ಒಪ್ಪಿಸಿ ಬರಲಿ. ಊರವರೆಲ್ಲ ಇಷ್ಟು ಮಾಡುವ ಕಡೆ ಒಬ್ಬ ತಾಯಿ ತನ್ನ ಸೆರಗಿನ ತುದಿಯನ್ನು ಮಗನ ಕೈಯಿಂದ ಬಿಡಿಸಿಕೊಳ್ಳಲು ಅಷ್ಟೊಂದು ಹೆದರಬೇಕಾಗಿಲ್ಲ.